ಡಿಜಿಟಲೀಕರಣಗೊಂಡ ಹಳೆಯ ಪತ್ರಿಕೆಗಳಿಂದ ಧಾರವಾಡ ಸೀಮೆಯ ಹತ್ತಿ ವ್ಯಾಪಾರದ ಇತಿಹಾಸ ಬರೆಯಬಹುದೇ? ಹುಡುಕುವ ಕ್ರಮ ಹೇಗಿರಬೇಕು?

ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ನನ್ನ ಪಿಎಚ್.ಡಿ. ಅಧ್ಯಯನದ ವಿಷಯ 1860ರಿಂದ 1930ರವರೆಗಿನ ಹಳೆಯ ಧಾರವಾಡ ಜಿಲ್ಲೆಯ ಹತ್ತಿ ವ್ಯಾಪಾರ. 1997ರಲ್ಲಿ ಗದಗ ಮತ್ತು ಹಾವೇರಿ ಬೇರೆಯಾಗುವ ಮೊದಲಿನ ಅಖಂಡ ಜಿಲ್ಲೆಯನ್ನೇ ನಾನು ಲೆಕ್ಕಕ್ಕೆ ತೆಗೆದುಕೊಂಡಿದ್ದೇನೆ. ಇದುವರೆಗೆ ನಾನು ಹೆಚ್ಚಾಗಿ ಬಳಸಿರುವುದು ಚಂದಾ ಮೇಲೆ ದೊರೆಯುವ ಪ್ರೋಕ್ವೆಸ್ಟ್ ಎಂಬ ಡಿಜಿಟಲ್ ಸಂಗ್ರಹದಲ್ಲಿರುವ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯನ್ನು ಮತ್ತು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯವು ಉಚಿತವಾಗಿ ತೆರೆದಿಟ್ಟಿರುವ, ಹಳೆಯ ಪತ್ರಿಕೆಗಳ ಟ್ರೋವ್ ಜಾಲತಾಣವನ್ನು. ಹುಡುಕುಪದ ಹಾಕಿದರೆ ಸಾವಿರಾರು ಫಲಿತಾಂಶಗಳು ಬರುತ್ತವೆ, ಆದರೆ ಅವುಗಳಲ್ಲಿ ಬಹುಪಾಲು ಧಾರಣೆಯ ಪಟ್ಟಿಗಳು ಮತ್ತು ಹಡಗು ಸಾಗಣೆಯ ವರದಿಗಳು.

ನನ್ನ ಮಾರ್ಗದರ್ಶಕರು ಮೊದಲ ಅಧ್ಯಾಯವನ್ನು ಓದಿ, "ಇದರಲ್ಲಿ ಲಿವರ್‌ಪೂಲ್ ಇದೆ, ಮುಂಬಯಿ ಇದೆ, ನವಲಗುಂದದ ರೈತ ಎಲ್ಲಿದ್ದಾನೆ?" ಎಂದು ಕೇಳಿದರು. ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಇಂತಹ ಸಂಗ್ರಹಗಳನ್ನು ನಂಬಿ ನಮ್ಮ ಭಾಗದ ಇತಿಹಾಸ ಬರೆಯುವುದು ಎಷ್ಟರ ಮಟ್ಟಿಗೆ ಸರಿ, ಹುಡುಕುವ ಕ್ರಮವನ್ನು ಹೇಗೆ ಸುಧಾರಿಸಿಕೊಳ್ಳಬೇಕು, ಕನ್ನಡ ಪತ್ರಿಕೆಗಳನ್ನು ಇದರೊಳಗೆ ಹೇಗೆ ತರಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಇತಿಹಾಸ ಅಧ್ಯಾಪಕ, ಹುಬ್ಬಳ್ಳಿ

ಮೊದಲು ಹುಡುಕುವ ಕ್ರಮದ ಬಗ್ಗೆ ಹೇಳುತ್ತೇನೆ, ಏಕೆಂದರೆ ಅದು ಸರಿಯಾಗದೆ ಉಳಿದ ಚರ್ಚೆಗೆ ಅರ್ಥವಿಲ್ಲ.

ಆ ಕಾಲದ ಇಂಗ್ಲಿಷ್ ಪತ್ರಿಕೆಗಳಲ್ಲಿ ನಮ್ಮ ಊರು "ಧಾರವಾಡ" ಅಲ್ಲ, "ಧಾರ್ವಾರ್". ಅದರ ಕೊನೆಯ ಇಂಗ್ಲಿಷ್ ಅಕ್ಷರ ಡಿ ಅಲ್ಲ, ಆರ್. ಇದು ನಿಮಗೆ ಗೊತ್ತೇ ಇರುತ್ತದೆ. ಆದರೆ ಮುದ್ರಿತ ಪುಟವನ್ನು ಯಂತ್ರವು ಓದಿ ಪಠ್ಯವಾಗಿ ಪರಿವರ್ತಿಸುವಾಗ ಆ ಹೆಸರಿನ ನಡುವಿನ ಆರ್ ಮತ್ತು ಡಬ್ಲ್ಯೂ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡು ಎನ್ ಮತ್ತು ವಿ ಆಗಿಬಿಡುವುದು ತೀರಾ ಸಾಮಾನ್ಯ. ಹಾಗಾಗಿ "ಧನ್ವರ್" ಎಂದು ಓದಿಸಿಕೊಳ್ಳುವ ತಪ್ಪು ರೂಪವನ್ನೂ ಹಾಕಿ ಹುಡುಕಬೇಕು. ಪ್ರೋಕ್ವೆಸ್ಟ್‌ನಲ್ಲಿ ಒಂದು ಅಕ್ಷರದ ಬದಲಿಗೆ ಪ್ರಶ್ನಾರ್ಥಕ ಚಿಹ್ನೆಯನ್ನು, ಹಲವು ಅಕ್ಷರಗಳ ಬದಲಿಗೆ ನಕ್ಷತ್ರ ಚಿಹ್ನೆಯನ್ನು ಬಳಸಬಹುದು. ಎರಡು ಪದಗಳು ಹತ್ತು ಪದಗಳ ಅಂತರದೊಳಗೆ ಬರಬೇಕೆಂದು ಕೇಳುವ ಸೌಲಭ್ಯವೂ ಇದೆ. "ಹತ್ತಿ" ಮತ್ತು "ಧಾರವಾಡ" ಒಂದೇ ಪುಟದ ಬೇರೆ ಬೇರೆ ಮೂಲೆಗಳಲ್ಲಿದ್ದ ಮಾತ್ರಕ್ಕೆ ಫಲಿತಾಂಶದಲ್ಲಿ ಬರುವುದನ್ನು ಇದರಿಂದ ತಪ್ಪಿಸಬಹುದು.

ಊರಿನ ಹೆಸರಿಗಿಂತ ಸರಕಿನ ಹೆಸರು ಇನ್ನೂ ಮುಖ್ಯವಾದದ್ದು. ನಮ್ಮ ನಾಟಿ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹೋಗುತ್ತಿದ್ದುದರಿಂದ ಮಾರುಕಟ್ಟೆಯಲ್ಲಿ ಅದಕ್ಕೆ "ಕುಂಪ್ಟಾ" ಎಂಬ ಹೆಸರೇ ನಿಂತಿತು. ಹುಬ್ಬಳ್ಳಿ, ಗದಗ, ರಾಣೆಬೆನ್ನೂರು ಎಂದು ಹುಡುಕಿದರೆ ಸಿಗದಿರುವ ಎಷ್ಟೋ ವಿವರಗಳು ಬಂದರಿನ ಹೆಸರಿನ ಅಡಿಯಲ್ಲಿ ಕುಳಿತಿವೆ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಇಲ್ಲಿ ಬೇರೂರಿಸಿದ ನ್ಯೂ ಆರ್ಲಿಯನ್ಸ್ ತಳಿಯ ಹತ್ತಿಗೆ ಮಾತ್ರ "ಧಾರ್ವಾರ್" ಅಥವಾ "ಧಾರ್ವಾರ್-ಅಮೆರಿಕನ್" ಎಂಬ ಹೆಸರಿತ್ತು. ಎಂದರೆ ಲಿವರ್‌ಪೂಲಿನ ಪಟ್ಟಿಯಲ್ಲಿ ಕಾಣುವ "ಫೇರ್ ಧಾರ್ವಾರ್" ಎಂಬುದು ಒಂದು ದರ್ಜೆಯ ಹೆಸರೇ ಹೊರತು ಜಿಲ್ಲೆಯ ಒಟ್ಟು ಬೆಳೆಯ ಧಾರಣೆಯಲ್ಲ. ಜೊತೆಗೆ ಲಿವರ್‌ಪೂಲಿನ ಧಾರಣೆ ಪೌಂಡ್ ತೂಕಕ್ಕೆ ಇಷ್ಟು ಪೆನ್ಸ್ ಎಂದಿದ್ದರೆ, ಮುಂಬಯಿಯದು 784 ಪೌಂಡಿನ ಒಂದು ಖಂಡಿಗೆ ಇಷ್ಟು ರೂಪಾಯಿ ಎಂದಿರುತ್ತದೆ. ಎರಡನ್ನೂ ಒಂದೇ ಅಳತೆಗೆ ತಾರದೆ ಒಂದೇ ಕೋಷ್ಟಕದಲ್ಲಿ ಹಾಕಬಾರದು.

ಇನ್ನು ಸುದ್ದಿಯ ದಿನಾಂಕ. ನನ್ನ ವಿದ್ಯಾರ್ಥಿಗಳಿಗೆ ನಾನು ಯಾವಾಗಲೂ ನರಗುಂದದ ಬಂಡಾಯದ ಉದಾಹರಣೆ ಕೊಡುತ್ತೇನೆ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಹತನಾದ ಸುದ್ದಿಯನ್ನು ಬ್ರಿಟನ್ನಿನ ಪತ್ರಿಕೆಗಳಲ್ಲಿ ಮೇ ತಿಂಗಳಲ್ಲೋ ಜೂನ್ ಮೊದಲ ವಾರದಲ್ಲೋ ಹುಡುಕಿದರೆ ಏನೂ ಸಿಗುವುದಿಲ್ಲ, ಏಕೆಂದರೆ ಆಗ ಸುದ್ದಿ ಹಡಗಿನ ಅಂಚೆಯಲ್ಲಿ ಹೋಗುತ್ತಿತ್ತು. ಭಾರತ ಮತ್ತು ಬ್ರಿಟನ್ ನಡುವೆ ತಂತಿ ಸಂಪರ್ಕ ಬಂದದ್ದು 1865ರಲ್ಲಿ, ಸಮುದ್ರದಡಿಯ ನೇರ ತಂತಿ ಬಂದದ್ದು 1870ರಲ್ಲಿ. ನಿಮ್ಮ ಅವಧಿ ಈ ಎರಡೂ ಬದಲಾವಣೆಗಳನ್ನು ದಾಟಿಕೊಂಡು ಬರುತ್ತದೆ. ಅಲ್ಲಿನ ಹತ್ತಿ ಬಾರದಂತೆ ಮಾಡಿ ನಮ್ಮ ಹತ್ತಿಯ ಧಾರಣೆ ಏರಿಸಿದ್ದ ಅಮೆರಿಕದ ಅಂತರ್ಯುದ್ಧ 1865ರ ಏಪ್ರಿಲ್‌ನಲ್ಲಿ ಮುಗಿಯುತ್ತಿದ್ದಂತೆ ಹತ್ತಿಯ ಧಾರಣೆ ಕುಸಿಯಿತಲ್ಲ, ಆ ಕುಸಿತದ ಸುದ್ದಿ ಮುಂಬಯಿಗೆ ಯಾವಾಗ ತಲುಪಿತು, ಅಲ್ಲಿಂದ ಹುಬ್ಬಳ್ಳಿಯ ಪೇಟೆಗೆ ಯಾವಾಗ ಬಂತು ಎಂಬುದೇ ಒಂದು ಅಧ್ಯಾಯಕ್ಕೆ ಸಾಕಾಗುವ ವಿಷಯ. ಆ ನಡುವಿನ ದಿನಗಳಲ್ಲಿ ಸುದ್ದಿ ಗೊತ್ತಿದ್ದವನು ಗೊತ್ತಿಲ್ಲದವನಿಗೆ ಮಾರಿದ್ದಾನೆ.

ನಿವೃತ್ತ ಗ್ರಂಥಪಾಲಕ, ಗದಗ

ಅಧ್ಯಾಪಕರು ಹೇಳಿದ್ದೆಲ್ಲ ಸರಿಯಾಗಿದೆ, ಆದರೆ ಅದೆಲ್ಲವೂ ಇಂಗ್ಲಿಷ್ ಪತ್ರಿಕೆಗಳೊಳಗಿನ ಮಾತು. ನಿಮ್ಮ ಮಾರ್ಗದರ್ಶಕರ ಪ್ರಶ್ನೆ ಅದಕ್ಕಿಂತ ಆಳವಾದದ್ದು ಎಂದು ನನಗೆ ಅನ್ನಿಸುತ್ತದೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಯಾವ ಪತ್ರಿಕೆ ಡಿಜಿಟಲೀಕರಣಗೊಂಡಿದೆ ಎಂಬುದು ಆ ಪತ್ರಿಕೆ ಎಷ್ಟು ಮುಖ್ಯವಾಗಿತ್ತು ಎಂಬುದರಿಂದ ನಿರ್ಧಾರವಾಗಿಲ್ಲ. ಯಾವುದರ ಸಂಪುಟಗಳು ಪೂರ್ಣವಾಗಿ ಉಳಿದಿದ್ದವೋ, ಯಾವುದರ ಮೈಕ್ರೋಫಿಲ್ಮ್ ಮೊದಲೇ ಆಗಿತ್ತೋ, ಯಾವುದನ್ನು ಜಗತ್ತಿನ ವಿಶ್ವವಿದ್ಯಾಲಯಗಳಿಗೆ ಚಂದಾ ಮೇಲೆ ಮಾರಬಹುದಿತ್ತೋ ಅದು ಮೊದಲು ಪರದೆಯ ಮೇಲೆ ಬಂತು. 1838ರಲ್ಲಿ ಬಾಂಬೆ ಟೈಮ್ಸ್ ಎಂದು ಆರಂಭವಾಗಿ 1861ರಲ್ಲಿ ಟೈಮ್ಸ್ ಆಫ್ ಇಂಡಿಯಾ ಆದ ಪತ್ರಿಕೆಗೆ ಈ ಎಲ್ಲ ಅನುಕೂಲವೂ ಇತ್ತು. ಧಾರವಾಡದಲ್ಲಿ ವಾರಕ್ಕೊಮ್ಮೆ ಹೊರಡುತ್ತಿದ್ದ ಒಂದು ಕನ್ನಡ ಪತ್ರಿಕೆಗೆ ಇದರಲ್ಲಿ ಯಾವುದೂ ಇರಲಿಲ್ಲ. ಹೀಗಾಗಿ ಸಂಶೋಧಕರು ಪರದೆಯ ಮುಂದೆ ಕುಳಿತಾಗ ಹತ್ತಿ ಕೊಂಡವನ ದನಿ ಕೇಳುತ್ತದೆ, ಬೆಳೆದವನದು ಕೇಳುವುದಿಲ್ಲ. ಇದು ಹುಡುಕುವವರ ದೋಷವಲ್ಲ. ಆದರೆ ಈ ಅಸಮತೋಲವನ್ನು ಗಮನಿಸದೆ ಪ್ರಬಂಧ ಬರೆದರೆ ಮಾತ್ರ ಅದು ಸಂಶೋಧಕರ ದೋಷವೇ ಆಗುತ್ತದೆ.

ಹಾಗಾದರೆ ಏನು ಮಾಡಬೇಕು? ನನ್ನ ದೃಢವಾದ ಅಭಿಪ್ರಾಯವೆಂದರೆ, ಡಿಜಿಟಲ್ ಸಂಗ್ರಹವನ್ನು ದಿನಾಂಕಗಳನ್ನು ಕಂಡುಕೊಳ್ಳುವುದಕ್ಕೆ ಬಳಸಿರಿ, ಆ ದಿನಾಂಕಗಳನ್ನು ಕೈಯಲ್ಲಿ ಹಿಡಿದುಕೊಂಡು ಕನ್ನಡ ಮತ್ತು ಮರಾಠಿ ಪತ್ರಿಕೆಗಳ ಸಂಪುಟಗಳ ಕಡೆಗೆ ನಡೆಯಿರಿ. ಧಾರಣೆ ಕುಸಿದ ವಾರ, ಬರ ಬಿದ್ದ ತಿಂಗಳು, ರೈಲು ಮಾರ್ಗ ತೆರೆದ ದಿನ, ಹೊಸ ಕಾಯಿದೆ ಬಂದ ದಿನ, ಇವುಗಳನ್ನು ಗುರುತು ಮಾಡಿಕೊಂಡರೆ ಸೂಚಿಯೇ ಇಲ್ಲದ ಸಂಪುಟದಲ್ಲಿಯೂ ಎಲ್ಲಿ ತೆರೆಯಬೇಕೆಂದು ತಿಳಿಯುತ್ತದೆ. ಉದಾಹರಣೆಗೆ ಮುಂಬಯಿ ಸರ್ಕಾರವು ಹತ್ತಿಯ ಕಲಬೆರಕೆ ತಡೆಯಲು 1863ರಲ್ಲಿ ತಂದ ಕಾಯಿದೆ, 1876ರಿಂದ 1878ರವರೆಗಿನ ದೊಡ್ಡ ಬರ, 1880ರ ದಶಕದಲ್ಲಿ ಬಂದ ಸದರ್ನ್ ಮರಾಠಾ ರೈಲ್ವೆ ಮತ್ತು ಅದರಿಂದ ಸರಕು ಕುಮಟಾ, ಕಾರವಾರಗಳ ಬದಲು ಗೋವಾದ ಮಾರ್ಮಗೋವಾ ಬಂದರಿನ ಕಡೆಗೆ ತಿರುಗಿದ್ದು, ಇವು ನಿಮ್ಮ ವಿಷಯಕ್ಕೆ ತಪ್ಪಿಸಲಾಗದ ನಿಲ್ದಾಣಗಳು. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘವನ್ನೂ ಬಿಡಬೇಡಿರಿ. ಸಾಲಕ್ಕಾಗಿ ಬೆಳೆಯನ್ನು ಮೊದಲೇ ಒತ್ತೆಯಿಟ್ಟ ರೈತನಿಗೆ ಲಿವರ್‌ಪೂಲಿನ ಧಾರಣೆ ಏರಿದರೆಷ್ಟು, ಇಳಿದರೆಷ್ಟು?

ಕನ್ನಡದ ಕಡೆಗೆ ಬಂದರೆ, 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘದ ವಾಗ್ಭೂಷಣ 1896ರಲ್ಲಿ ಆರಂಭವಾಯಿತು. ಧಾರವಾಡದ ಕರ್ಮವೀರ 1921ರಲ್ಲಿ, ಆಲೂರು ವೆಂಕಟರಾಯರ ಜಯಕರ್ನಾಟಕ 1922ರಲ್ಲಿ ಬಂದವು. ಬೆಳಗಾವಿಯಲ್ಲಿ ಹುಟ್ಟಿದ ಸಂಯುಕ್ತ ಕರ್ನಾಟಕ ಆಮೇಲೆ ಹುಬ್ಬಳ್ಳಿಗೆ ಬಂತು. ಇವುಗಳಲ್ಲಿ ಸಾಹಿತ್ಯ ಮತ್ತು ಏಕೀಕರಣದ ವಿಷಯಗಳೇ ತುಂಬಿವೆ ಎಂದು ಹತ್ತಿಯ ಸಂಶೋಧಕರು ದೂರ ಸರಿಯುವುದುಂಟು. ಹಾಗೆ ಮಾಡಬಾರದು. ಜಾಹೀರಾತು, ಸಂಪಾದಕರಿಗೆ ಬಂದ ಪತ್ರ, ಊರಿನ ವರ್ತಮಾನ, ಇವುಗಳಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್, ಅರಳೆಯನ್ನು ಒತ್ತಿ ಕಟ್ಟುವ ಪ್ರೆಸ್, ಗಿರಣಿ, ಅಡತಿ (ದಲ್ಲಾಳಿ) ಅಂಗಡಿ, ಸಂತೆ, ಜಮೀನಿನ ಲಾವಣಿ, ಎಲ್ಲವೂ ಹಾದುಹೋಗುತ್ತವೆ. ಮತ್ತೊಂದು ಮಾತು: ನಮ್ಮ ಜಿಲ್ಲೆಯಲ್ಲಿ ಆ ಕಾಲಕ್ಕೆ ಓದುಬಲ್ಲವರ ಕೈಯಲ್ಲಿ ಮರಾಠಿ ಪತ್ರಿಕೆಗಳೂ ಇದ್ದವು. 1881ರಲ್ಲಿ ಪುಣೆಯಲ್ಲಿ ಆರಂಭವಾದ ಕೇಸರಿಯನ್ನು ಬಿಟ್ಟು ಧಾರವಾಡದ ಸಾರ್ವಜನಿಕ ಅಭಿಪ್ರಾಯವನ್ನು ಬರೆಯಲು ಬರುವುದಿಲ್ಲ.

ಮೂಲ ಪ್ರತಿಗಳೇ ನಾಶವಾಗಿರುವ ಪತ್ರಿಕೆಗಳಿಗೆ ಒಂದು ಅಡ್ಡದಾರಿ ಇದೆ. 1868ರಿಂದ ಮುಂಬಯಿ ಸರ್ಕಾರವು ದೇಶೀಯ ಪತ್ರಿಕೆಗಳಲ್ಲಿ ಬಂದ ಬರಹಗಳ ಸಾರಾಂಶವನ್ನು ವಾರವಾರವೂ ಇಂಗ್ಲಿಷಿಗೆ ಅನುವಾದಿಸಿ, ಅಧಿಕಾರಿಗಳ ಉಪಯೋಗಕ್ಕೆಂದು ಗೋಪ್ಯವಾಗಿ ಮುದ್ರಿಸುತ್ತಿತ್ತು. ಆ ವರದಿಗಳ ಆರಂಭದಲ್ಲಿ ಪತ್ರಿಕೆಗಳ ಪಟ್ಟಿ ಇರುತ್ತದೆ: ಹೆಸರು, ಹೊರಡುವ ಊರು, ಭಾಷೆ, ಪ್ರಸಾರ ಸಂಖ್ಯೆ. ಯಾವ ವರ್ಷ ನಮ್ಮ ಜಿಲ್ಲೆಯ ಯಾವ ಊರಿನಿಂದ ಯಾವ ಪತ್ರಿಕೆ ಹೊರಡುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸೂಚಿ ನನ್ನ ಕಣ್ಣಿಗೆ ಬಿದ್ದಿಲ್ಲ. 1956ರವರೆಗೆ ನಮ್ಮ ಜಿಲ್ಲೆ ಮುಂಬಯಿ ಆಡಳಿತದಲ್ಲಿದ್ದುದರಿಂದ ಬೆಂಗಳೂರಿಗಿಂತ ಮೊದಲು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರವನ್ನು ವಿಚಾರಿಸಬೇಕು.

ಪತ್ರಿಕೋದ್ಯಮ ಇತಿಹಾಸದ ಅಧ್ಯಯನಕಾರರು, ಹಾವೇರಿ

ಗ್ರಂಥಪಾಲಕರ ಮಾತನ್ನು ಗೌರವದಿಂದಲೇ ಓದಿದೆ, ಆದರೆ ಸರ್ಕಾರದ ಆ ವಾರದ ವರದಿಗಳ ವಿಷಯದಲ್ಲಿ ನನ್ನದೊಂದು ಎಚ್ಚರಿಕೆ ಇದೆ. ಅದನ್ನು ಕನ್ನಡ ಪತ್ರಿಕೆಯ ಬದಲಿ ಎಂದು ಬಳಸುವ ಪ್ರವೃತ್ತಿ ಪ್ರಬಂಧಗಳಲ್ಲಿ ಹೆಚ್ಚಾಗಿ ಕಾಣುತ್ತಿದೆ. ಅನುವಾದಕರು ಆರಿಸಿಕೊಂಡದ್ದು ಆಡಳಿತಕ್ಕೆ ಬೇಕಾದುದನ್ನು, ಎಂದರೆ ಸರ್ಕಾರದ ಟೀಕೆ, ಅಧಿಕಾರಿಗಳ ಮೇಲಿನ ದೂರು, ಕಂದಾಯ, ಕಾಯಿದೆ, ಚಳವಳಿ. ಮಳೆ ತಡವಾಯಿತು, ಪೇಟೆಯಲ್ಲಿ ಅರಳೆಯ ಧಾರಣೆ ಇಷ್ಟಾಯಿತು, ಇಂಥವರ ಜಿನ್ನಿಗೆ ಬೆಂಕಿ ಬಿತ್ತು ಎಂಬ ವರ್ತಮಾನವನ್ನು ಅನುವಾದಿಸುವ ಅಗತ್ಯ ಅವರಿಗೆ ಇರಲಿಲ್ಲ. ಆ ವರದಿಗಳನ್ನು ಮಾತ್ರ ಓದಿದವರಿಗೆ ಕನ್ನಡ ಪತ್ರಿಕೆಗಳು ಸದಾ ಸರ್ಕಾರದೊಡನೆ ಜಗಳದಲ್ಲಿಯೇ ಇದ್ದವು ಎಂದು ಅನ್ನಿಸುತ್ತದೆ. ಹತ್ತಿಯ ಇತಿಹಾಸಕ್ಕೆ ಬೇಕಾದದ್ದು ಬಹುತೇಕ ಅನುವಾದವಾಗದೆ ಉಳಿದ ಭಾಗದಲ್ಲೇ ಇದೆ.

ಇನ್ನೊಂದು ಸಂಗತಿ ಮೌನದ್ದು. 1878ರ ದೇಶಭಾಷಾ ಪತ್ರಿಕಾ ಕಾಯಿದೆ, 1910ರ ಪತ್ರಿಕಾ ಕಾಯಿದೆ, 1931ರ ತುರ್ತು ಅಧಿಕಾರದ ಕಾಯಿದೆ, ಇವುಗಳಲ್ಲಿ ಠೇವಣಿ ಕೇಳುವ ಅಧಿಕಾರ ಸರ್ಕಾರಕ್ಕಿತ್ತು. ಸಣ್ಣ ಊರಿನ ಪತ್ರಿಕೆಗೆ ಠೇವಣಿ ಎಂದರೆ ಮುಚ್ಚು ಎಂದೇ ಅರ್ಥ. ಆದ್ದರಿಂದ ಸಂಪುಟದಲ್ಲಿ ಕೆಲವು ತಿಂಗಳುಗಳ ಸಂಚಿಕೆ ಇಲ್ಲದಿದ್ದರೆ ಅದು ಹುಳು ತಿಂದದ್ದೋ, ಸಂಚಿಕೆ ಹೊರಡದೇ ಇದ್ದದ್ದೋ ಎಂಬುದನ್ನು ಬೇರೆ ದಾಖಲೆಗಳಿಂದ ತಿಳಿದುಕೊಳ್ಳಬೇಕು. ಡಿಜಿಟಲ್ ಸಂಗ್ರಹದ ಹುಡುಕುಪೆಟ್ಟಿಗೆ ಈ ಎರಡಕ್ಕೂ ಒಂದೇ ಉತ್ತರ ಕೊಡುತ್ತದೆ: ಫಲಿತಾಂಶ ಶೂನ್ಯ.

ಒಂದೇ ಘಟನೆಯನ್ನು ಹಲವು ಪತ್ರಿಕೆಗಳಲ್ಲಿ ಅಕ್ಕಪಕ್ಕ ಇಟ್ಟು ಓದುವುದನ್ನು ಅಭ್ಯಾಸ ಮಾಡಲು 1921ರ ಜುಲೈ 1ರ ಧಾರವಾಡದ ಜಕಣಿಬಾವಿ ಗೋಲಿಬಾರಿಗಿಂತ ತಕ್ಕ ವಿಷಯ ನಮ್ಮ ಭಾಗದಲ್ಲಿ ಇಲ್ಲ. ಹೆಂಡದ ಅಂಗಡಿಗಳ ಮುಂದಿನ ಸತ್ಯಾಗ್ರಹದ ದಿನಗಳಲ್ಲಿ ಪೊಲೀಸರ ಗುಂಡಿಗೆ ಮೂವರು ಬಲಿಯಾದರು. ಆಂಗ್ಲೋ-ಇಂಡಿಯನ್ ಒಡೆತನದ ಟೈಮ್ಸ್, 1913ರಲ್ಲಿ ಫಿರೋಜ್‌ಶಹಾ ಮೆಹತಾ ಸ್ಥಾಪಿಸಿದ ರಾಷ್ಟ್ರೀಯ ಪಕ್ಷಪಾತದ ಬಾಂಬೆ ಕ್ರಾನಿಕಲ್, ಸ್ಥಳೀಯ ಪತ್ರಿಕೆಗಳು, ಸರ್ಕಾರದ ಕಡತ, ಇವುಗಳಲ್ಲಿ ಯಾರು ಮೊದಲು ಕಲ್ಲು ಎಸೆದರು, ಗುಂಡು ಯಾವಾಗ ಹಾರಿತು, ಸತ್ತವರ ಹೆಸರುಗಳನ್ನು ಯಾರು ಬರೆದರು, ಯಾರು ಬರಿಯ ಸಂಖ್ಯೆ ಕೊಟ್ಟರು ಎಂದು ನೋಡುತ್ತ ಹೋದರೆ ಪತ್ರಿಕೆಯನ್ನು ಆಕರವಾಗಿ ಓದುವುದು ಎಂದರೇನು ಎಂಬುದು ತಾನಾಗಿಯೇ ತಿಳಿಯುತ್ತದೆ. ವಿದ್ಯಾರ್ಥಿನಿಯವರು ಹತ್ತಿಗೆ ಹೋಗುವ ಮೊದಲು ಒಂದು ವಾರ ಇದರಲ್ಲಿ ಕಳೆದರೆ ಆ ಸಮಯ ವ್ಯರ್ಥವಾಗುವುದಿಲ್ಲ.

ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಎಲ್ಲರಿಗೂ ಕೃತಜ್ಞತೆಗಳು. ಕುಮಟಾ ಎಂಬ ಹೆಸರಿನ ಅಡಿಯಲ್ಲಿ ಹುಡುಕಿದಾಗ ಹೊಸ ಲೋಕವೇ ತೆರೆದುಕೊಂಡಿತು. ಎರಡು ಸಂದೇಹಗಳಿವೆ. ಟ್ರೋವ್‌ನಲ್ಲಿ ಒಂದೇ ವಾರದಲ್ಲಿ ಧಾರವಾಡ ಸೀಮೆಯ ಬರದ ಬಗ್ಗೆ ಹತ್ತಾರು ಪತ್ರಿಕೆಗಳಲ್ಲಿ ವರದಿ ಬಂದಿರುವುದನ್ನು ಕಂಡೆ. ಇದನ್ನು ಆ ಬರಕ್ಕೆ ದೊರೆತ ಜಾಗತಿಕ ಗಮನ ಎಂದು ಎಣಿಸಿ ನಕ್ಷೆ ಬರೆಯಬಹುದೇ? ಎರಡನೆಯದಾಗಿ, ಕನ್ನಡ ಸಂಪುಟಗಳನ್ನು ಫೋಟೋ ತೆಗೆದುಕೊಂಡರೆ ಅವುಗಳನ್ನು ಹುಡುಕಬಲ್ಲ ಪಠ್ಯವಾಗಿ ಮಾಡಲು ಸಾಧ್ಯವೇ?

ಇತಿಹಾಸ ಅಧ್ಯಾಪಕ, ಹುಬ್ಬಳ್ಳಿ

ಮೊದಲನೆಯ ಸಂದೇಹಕ್ಕೆ ನೇರ ಉತ್ತರ: ಹಾಗೆ ಎಣಿಸಬೇಡಿರಿ. ರಾಯಿಟರ್ ಸುದ್ದಿಸಂಸ್ಥೆ 1866ರಲ್ಲಿ ಮುಂಬಯಿಯಲ್ಲಿ ಕಚೇರಿ ತೆರೆದ ಮೇಲೆ ಒಂದೇ ತಂತಿ ಸುದ್ದಿಯನ್ನು ದೂರದೂರದ ಪತ್ರಿಕೆಗಳು ಅಕ್ಷರಶಃ ಮುದ್ರಿಸುವುದು ವಾಡಿಕೆಯಾಯಿತು. ತಂತಿ ಬರದ ಸಣ್ಣ ಊರಿನ ಪತ್ರಿಕೆ ದೊಡ್ಡ ಊರಿನ ಪತ್ರಿಕೆಯಿಂದ ನಕಲು ಮಾಡುತ್ತಿತ್ತು. ಹತ್ತಾರು ಪತ್ರಿಕೆಗಳಲ್ಲಿ ಬಂದ ಆ ವರದಿಗೆ ಸಾಕ್ಷಿ ಒಬ್ಬನೇ ಇರಬಹುದು. ವಾಕ್ಯಗಳನ್ನು ಹೋಲಿಸಿ ನೋಡಿ, ಮೂಲ ಯಾವುದು ಎಂದು ಗುರುತಿಸಿದ ಮೇಲೆ, ಯಾವ ಪತ್ರಿಕೆ ಯಾವ ಸಾಲನ್ನು ಬಿಟ್ಟಿತು, ಯಾವ ತಲೆಬರಹ ಹಾಕಿತು ಎಂದು ಕೇಳಿದರೆ ಮಾತ್ರ ಅದರಿಂದ ಪ್ರಯೋಜನವಿದೆ. ಅದಲ್ಲದೆ ಡಿಜಿಟಲೀಕರಣವಾದ ಪುಟಗಳ ಸಂಖ್ಯೆಯೇ ದಶಕದಿಂದ ದಶಕಕ್ಕೆ ಬೇರೆಯಾಗಿರುವಾಗ, ಒಂದು ಪದ ಎಷ್ಟು ಸಲ ಬಂತು ಎಂಬ ಏರಿಳಿತದ ರೇಖೆಯನ್ನು ಒಟ್ಟು ಪುಟಗಳಿಗೆ ಭಾಗಿಸದೆ ತೋರಿಸುವುದು ಓದುಗರನ್ನು ದಾರಿ ತಪ್ಪಿಸಿದಂತೆಯೇ.

ತಂತ್ರಾಂಶ ಎಂಜಿನಿಯರ್, ಹುಬ್ಬಳ್ಳಿ

ಎರಡನೆಯ ಸಂದೇಹಕ್ಕೆ ನಾನು ಉತ್ತರಿಸುತ್ತೇನೆ. ಟೆಸೆರ್ಯಾಕ್ಟ್ ಎಂಬ ಮುಕ್ತ ತಂತ್ರಾಂಶ ಕನ್ನಡವನ್ನು ಓದುತ್ತದೆ, ಗೂಗಲ್ ಡ್ರೈವ್ ಕೂಡ ಓದುತ್ತದೆ. ಇತ್ತೀಚಿನ ಪುಸ್ತಕಗಳ ಸ್ವಚ್ಛ ಪುಟಗಳಲ್ಲಿ ಫಲಿತಾಂಶ ತೃಪ್ತಿಕರವಾಗಿದೆ. ನೂರು ವರ್ಷ ಹಳೆಯ ಪತ್ರಿಕೆಯ ಮಾತು ಬೇರೆ. ಸವೆದ ಅಚ್ಚುಮೊಳೆ, ಹಿಂದಿನ ಪುಟದ ಮಸಿ ಮುಂದಕ್ಕೆ ಮೂಡಿರುವುದು, ಸಾಲಿನ ಕೆಳಗೆ ಇಳಿಯುವ ಒತ್ತಕ್ಷರ ಮುಂದಿನ ಸಾಲಿನ ಗುಡಿಸಿಗೆ ತಾಗಿಕೊಂಡಿರುವುದು, ಕಿರಿದಾದ ಅಂಕಣಗಳು, ಇವೆಲ್ಲ ಯಂತ್ರವನ್ನು ಕಂಗೆಡಿಸುತ್ತವೆ. ಕಲ್ಲಚ್ಚಿನಲ್ಲಿ ಮುದ್ರಿಸಿದ ಪುಟ ಕೈಬರಹಕ್ಕೆ ಸಮ, ಅದರಿಂದ ಏನನ್ನೂ ನಿರೀಕ್ಷಿಸಬಾರದು. 1843ರ ಮಂಗಳೂರ ಸಮಾಚಾರ ಅಂಥದ್ದು. ಪದಗಳ ನಡುವಿನ ಸಂಧಿಯೂ ಒಂದು ತೊಡಕೇ: "ಹತ್ತಿ" ಎಂದು ಹುಡುಕಿದರೆ "ಹತ್ತಿಯನ್ನು" ಸಿಗಬಹುದು, ಆದರೆ "ಬಿಳಿಹತ್ತಿ" ತಪ್ಪಿಹೋಗಬಹುದು, ಬೇಡದ "ಹತ್ತಿರ" ರಾಶಿಯಾಗಿ ಬರುತ್ತದೆ.

ಹಾಗಾಗಿ ಪೂರ್ಣ ಪಠ್ಯದ ಆಸೆ ಬಿಟ್ಟು, ಪ್ರತಿ ಸಂಚಿಕೆಗೂ ಕೈಯಿಂದಲೇ ಸೂಚಿ ಮಾಡಿಕೊಳ್ಳುವುದು ಒಳ್ಳೆಯದು ಎಂದು ನನ್ನ ಸಲಹೆ. ಪತ್ರಿಕೆಯ ಹೆಸರು, ದಿನಾಂಕ, ಪುಟ, ಅಂಕಣ, ತಲೆಬರಹ, ಬಂದಿರುವ ಊರುಗಳು, ವಿಷಯ, ಇಷ್ಟನ್ನು ಒಂದು ಎಕ್ಸೆಲ್ ಹಾಳೆಯಲ್ಲಿ ಬರೆದುಕೊಳ್ಳಿರಿ, ಚಿತ್ರದ ಕಡತಕ್ಕೆ ವರ್ಷ, ತಿಂಗಳು, ದಿನ, ಪುಟ ಎಂಬ ಕ್ರಮದಲ್ಲೇ ಹೆಸರಿಡಿರಿ. ದಯವಿಟ್ಟು ಯೂನಿಕೋಡ್‌ನಲ್ಲಿಯೇ ಟೈಪ್ ಮಾಡಿರಿ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿನ ಮಟ್ಟಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ವರ್ಷಗಟ್ಟಲೆ ಮಾಡಿದ ಸೂಚಿಗಳು ಈ ಕಾರಣಕ್ಕೆ ಬಳಕೆಗೆ ಬಾರದೆ ಹೋಗಿವೆ, ಅದನ್ನು ನೋಡಿದಾಗ ನಿಜವಾಗಿಯೂ ಸಂಕಟವಾಗುತ್ತದೆ. ಹಳೆಯ ಸಂಚಿಕೆಗಳಲ್ಲಿ ಸಂವತ್ಸರ, ಮಾಸ, ತಿಥಿ ಮಾತ್ರ ಇದ್ದರೆ ಎರಡೂ ದಿನಾಂಕಗಳಿಗೆ ಬೇರೆ ಬೇರೆ ಕಲಂ ಇಡಿರಿ. ಧಾತು ಸಂವತ್ಸರ ಎಂದರೆ 1876ರ ಯುಗಾದಿಯಿಂದ 1877ರ ಯುಗಾದಿಯವರೆಗೆ. ಬರೀ 1876 ಎಂದು ಬರೆದುಬಿಟ್ಟರೆ ಬರದ ಕಾಲಾನುಕ್ರಮವೇ ಅದಲುಬದಲಾಗುತ್ತದೆ.

ನಿವೃತ್ತ ಗ್ರಂಥಪಾಲಕ, ಗದಗ

ಫೋಟೋ ತೆಗೆಯುವ ಮಾತು ಬಂದಿರುವುದರಿಂದ ಒಂದೆರಡು ಕಿವಿಮಾತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಪತ್ರಿಕೆಗಳಿಗೆ ಬಳಸಿದ ಮರದ ತಿರುಳಿನ ಕಾಗದದಲ್ಲಿ ಆಮ್ಲದ ಅಂಶ ಇರುವುದರಿಂದ ಅದು ಹಪ್ಪಳದಂತೆ ಮುರಿಯುತ್ತದೆ. ಸಂಪುಟವನ್ನು ಪೂರ್ತಿ ಅಗಲಿಸಿ ಒತ್ತಬೇಡಿರಿ, ಎರಡೂ ಬದಿಗೆ ಬಟ್ಟೆಯ ಸುರುಳಿ ಇಟ್ಟು ಅರ್ಧ ತೆರೆದಿಟ್ಟೇ ಮೇಲಿನಿಂದ ಚಿತ್ರ ತೆಗೆಯಿರಿ, ಫ್ಲ್ಯಾಶ್ ಬೇಡ, ಬೆರಳಿಗೆ ಉಗುಳು ಹಚ್ಚಿ ಪುಟ ತಿರುಗಿಸುವುದಂತೂ ಬೇಡವೇ ಬೇಡ. ಸಂಸ್ಥೆಯ ಅನುಮತಿಯನ್ನು ಬರಹದಲ್ಲಿ ಪಡೆಯಿರಿ, ಕೆಲಸ ಮುಗಿದ ಮೇಲೆ ಚಿತ್ರಗಳ ಒಂದು ಪ್ರತಿಯನ್ನು ಅವರಿಗೇ ಕೊಡಿರಿ. ಹಕ್ಕುಸ್ವಾಮ್ಯದ ಭಯ ಬೇಡ: 1957ರ ಕಾಯಿದೆಯ ಪ್ರಕಾರ ಹೆಸರಿಲ್ಲದ ಬರಹಕ್ಕೆ ಪ್ರಕಟವಾದ ಮೇಲೆ 60 ವರ್ಷ, ಹೆಸರಿರುವ ಬರಹಕ್ಕೆ ಲೇಖಕರ ಮರಣಾನಂತರ 60 ವರ್ಷ ರಕ್ಷಣೆ ಇದೆ, ಸಂಶೋಧನೆಗಾಗಿ ನ್ಯಾಯವಾದ ಬಳಕೆಗೆ ಅವಕಾಶವೂ ಇದೆ.

ಉಲ್ಲೇಖ ಕೊಡುವಾಗ ಪತ್ರಿಕೆ, ಊರು, ದಿನಾಂಕ, ಪುಟ, ಅಂಕಣ ಎಂದು ಮೊದಲು ಬರೆದು, ಆಮೇಲೆ ಅದನ್ನು ಯಾವ ಡಿಜಿಟಲ್ ಸಂಗ್ರಹದಲ್ಲಿ ನೋಡಿದಿರಿ ಎಂಬುದನ್ನು ಬರೆಯಿರಿ. ಪರದೆಯ ಮೇಲೆ ನೋಡಿ ಮೂಲ ಪ್ರತಿ ನೋಡಿದಂತೆ ಉಲ್ಲೇಖಿಸುವುದು ಸರಿಯಲ್ಲ, ಏಕೆಂದರೆ ನೀವು ಓದಿದ್ದು ಯಾವ ಊರಿನ ಆವೃತ್ತಿ, ಯಾವ ಮೈಕ್ರೋಫಿಲ್ಮ್ ಎಂಬುದು ಮುಂದೆ ಪರಿಶೀಲಿಸುವವರಿಗೆ ಬೇಕಾಗುತ್ತದೆ.

ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ನನ್ನ ಯೋಜನೆಯನ್ನು ಬದಲಿಸಿಕೊಂಡಿದ್ದೇನೆ. ಎಪ್ಪತ್ತು ವರ್ಷಗಳನ್ನೂ ಸಮನಾಗಿ ಗುಡಿಸುವ ಬದಲು 1863ರಿಂದ 1866, 1876ರಿಂದ 1878, ರೈಲು ಬಂದ 1880ರ ದಶಕ, 1920ರ ದಶಕ ಎಂಬ ನಾಲ್ಕು ಅವಧಿಗಳನ್ನು ಆರಿಸಿಕೊಂಡು, ಪ್ರತಿ ಅವಧಿಗೂ ಇಂಗ್ಲಿಷ್ ಪತ್ರಿಕೆ, ಸರ್ಕಾರದ ವಾರದ ವರದಿ, ಸಿಕ್ಕಿದಷ್ಟು ಕನ್ನಡ ಮತ್ತು ಮರಾಠಿ ಸಂಚಿಕೆಗಳು, 1884ರ ಧಾರವಾಡ ಗ್ಯಾಝೆಟಿಯರ್, ಇವುಗಳನ್ನು ಒಟ್ಟಿಗೆ ಓದುತ್ತೇನೆ. ಮೊದಲ ಅಧ್ಯಾಯದಲ್ಲಿ ಯಾವ ಪತ್ರಿಕೆಗಳು ದೊರೆಯಲಿಲ್ಲ, ಯಾವ ತಿಂಗಳುಗಳು ಖಾಲಿ ಇವೆ ಎಂಬ ಪಟ್ಟಿಯನ್ನೂ ಕೊಡಲು ಮಾರ್ಗದರ್ಶಕರು ಒಪ್ಪಿದ್ದಾರೆ. ಸವಣೂರು ಮತ್ತು ಲಕ್ಷ್ಮೇಶ್ವರ ಆಗ ಸಂಸ್ಥಾನಗಳ ಆಡಳಿತದಲ್ಲಿದ್ದುದರಿಂದ ಅಲ್ಲಿನ ಪೇಟೆಗಳ ವರ್ತಮಾನವನ್ನು ಬೇರೆಯಾಗಿಯೇ ಹುಡುಕಬೇಕಾಗಿದೆ.

ಈ ಚರ್ಚೆಯನ್ನು ಓದುತ್ತಿರುವ ಗದಗ, ರಾಣೆಬೆನ್ನೂರು, ಬ್ಯಾಡಗಿ, ಹುಬ್ಬಳ್ಳಿಯ ಹಳೆಯ ಅಡತಿ ಮನೆತನಗಳವರಲ್ಲಿ ನನ್ನದೊಂದು ವಿನಂತಿ. ಅಟ್ಟದ ಮೇಲೆ ಲೆಕ್ಕದ ಕೀರ್ದಿಗಳ ಜೊತೆಗೆ ಕಟ್ಟಿಟ್ಟ ಪತ್ರಿಕೆಗಳಾಗಲಿ, ಧಾರಣೆಯ ಅಚ್ಚಾದ ಚೀಟಿಗಳಾಗಲಿ ಇದ್ದರೆ ಅವುಗಳನ್ನು ರದ್ದಿಗೆ ಹಾಕುವ ಮೊದಲು ಇಲ್ಲಿ ಒಂದು ಮಾತು ಬರೆಯಿರಿ. ನಾನೇ ಬಂದು, ನಿಮ್ಮ ಮನೆಯಲ್ಲೇ ಕುಳಿತು, ಚಿತ್ರ ತೆಗೆದುಕೊಂಡು ಹೋಗುತ್ತೇನೆ.